ಘೀ ರೋಸ್ಟ್ ಊರು ಬಿಟ್ಟಿತು, ಹೋಟೆಲ್ ಊರಲ್ಲೇ ಇದೆ

ಬೆಂಗಳೂರಲ್ಲೋ ಮುಂಬೈಯಲ್ಲೋ ಯಾವುದಾದರೂ ಕರಾವಳಿ ಹೋಟೆಲ್‌ಗೆ ಹೋಗಿ ಮೆನು ತೆರೆಯಿರಿ. ಮೊದಲ ಪುಟದಲ್ಲೇ ಚಿಕನ್ ಘೀ ರೋಸ್ಟ್ ಇರುತ್ತದೆ. ಈಗ ಅದು ಚಿಕನ್‌ಗೆ ನಿಂತಿಲ್ಲ. ಸಿಗಡಿ ಘೀ ರೋಸ್ಟ್, ಪನೀರ್ ಘೀ ರೋಸ್ಟ್, ಅಣಬೆ ಘೀ ರೋಸ್ಟ್ ಎಲ್ಲ ಬಂದಿವೆ. ಎಷ್ಟೋ ಕಡೆ ಅದಕ್ಕೆ 'ಮಂಗಳೂರು ಘೀ ರೋಸ್ಟ್' ಎಂದು ಬರೆದಿರುತ್ತಾರೆ. ಕುಂದಾಪುರದವರು ಅದನ್ನು ಓದಿ, 'ಹ್ವಾಯ್, ಇದು ನಮ್ದ್ ಮಾರಾಯ್ರೆ' ಅಂತ ಒಮ್ಮೆ ಗೊಣಗಿ ಮತ್ತೆ ಊಟಕ್ಕೆ ಕೈ ಹಾಕುತ್ತಾರೆ.

ಗೊಣಗೋದಕ್ಕೆ ಕಾರಣ ಇದೆ. ಈ ಖಾದ್ಯ ಹುಟ್ಟಿದ್ದು ಕುಂದಾಪುರದ ಶೆಟ್ಟಿ ಲಂಚ್ ಹೋಮ್‌ನಲ್ಲಿ ಎಂಬುದು ಕರಾವಳಿಯ ಬಹುತೇಕರು ಒಪ್ಪುವ ಮಾತು. 1950ರ ದಶಕದಲ್ಲಿ, ನಮ್ಮ ಕರಾವಳಿ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿದ ಹೊತ್ತಿನ ಆಸುಪಾಸಿನಲ್ಲಿ ಶುರುವಾದ, ಒಂದು ಮನೆತನ ನಡೆಸಿಕೊಂಡು ಬಂದ ಹೋಟೆಲ್ ಅದು. ಆರು ದಶಕ ದಾಟಿದೆ. ಅಲ್ಲಿ ಹುಟ್ಟಿದ ರುಚಿ ಊರೂರು ತಿರುಗುತ್ತಿದೆ. ಹೋಟೆಲ್ ಮಾತ್ರ ಊರು ಬಿಟ್ಟಿಲ್ಲ.

ನಾವು ಇಲ್ಲಿ ಒಂದು ಹೋಟೆಲ್‌ನ ಜಾಹೀರಾತು ಬರೆಯುತ್ತಿಲ್ಲ. ಅದರ ಹೆಸರು ಹಿಡಿದುಕೊಂಡು, ಅಂಥ ಎಲ್ಲ ಹೋಟೆಲ್‌ಗಳ ಬಗ್ಗೆ ಒಂದು ಮಾತು ಹೇಳಬೇಕಿದೆ. ನಮ್ಮ ಸಣ್ಣ ಊರುಗಳಲ್ಲಿ ಒಂದೇ ಮನೆಯವರು ಎರಡು, ಮೂರು ತಲೆಮಾರಿನಿಂದ ನಡೆಸುತ್ತಿರುವ ಊಟದ ಹೋಟೆಲ್‌ಗಳಿವೆ. ಒಂದು ಮುಚ್ಚಿದ ದಿನ ಎಲ್ಲರ ವಾಟ್ಸಾಪ್ ಸ್ಟೇಟಸ್‌ನಲ್ಲೂ ಅದರ ಬೋರ್ಡಿನ ಫೋಟೋ ಬರುತ್ತದೆ. 'ಒಂದು ಯುಗ ಮುಗಿಯಿತು' ಅಂತ ಬರೆಯುತ್ತೇವೆ. ಅದಕ್ಕೂ ಮುಂಚಿನ ಹತ್ತು ವರ್ಷ ಆ ಹೋಟೆಲ್‌ನ ಅಡುಗೆಮನೆಯಲ್ಲಿ ಯಾರು ನಿಂತಿದ್ದರು, ಅವರಿಗೆ ಎಷ್ಟು ಸಿಗುತ್ತಿತ್ತು, ಅವರು ಯಾಕೆ ಬಿಟ್ಟು ಹೋದರು ಅಂತ ಒಮ್ಮೆಯೂ ಕೇಳಿರುವುದಿಲ್ಲ.

ನಮ್ಮ ಅಭಿಪ್ರಾಯ ಇಷ್ಟೇ: ಹಳೇ ಹೋಟೆಲ್‌ನ್ನು ರೆಸಿಪಿ ಉಳಿಸೋದಿಲ್ಲ, ಮಾಲೀಕರ ರಕ್ತಸಂಬಂಧವೂ ಉಳಿಸೋದಿಲ್ಲ. ಒಲೆ ಮುಂದೆ ನಿಂತವರನ್ನು ಮನೆಯವರಂತೆ ಲೆಕ್ಕಕ್ಕೆ ಹಿಡಿದರೆ ಮಾತ್ರ ಅದು ಉಳಿಯುತ್ತದೆ.

ಗುಟ್ಟು ಮಸಾಲೆಯಲ್ಲಿಲ್ಲ

ಘೀ ರೋಸ್ಟ್ ಮಾಡೋದು ಹೇಗೆ ಅಂತ ಯೂಟ್ಯೂಬ್‌ನಲ್ಲಿ ಹುಡುಕಿದರೆ ಲೆಕ್ಕವಿಲ್ಲದಷ್ಟು ವಿಡಿಯೋ ಸಿಗುತ್ತವೆ. ಕೋಳಿಯನ್ನು ಮೊಸರಲ್ಲಿ ನೆನೆಸಬೇಕು. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಮೆಂತ್ಯ ಹುರಿದು ಬೆಳ್ಳುಳ್ಳಿ, ಹುಣಸೆ ಜೊತೆ ನುಣ್ಣಗೆ ಅರೆಯಬೇಕು. ಆಮೇಲೆ ತುಪ್ಪದಲ್ಲಿ ಮಸಾಲೆಯನ್ನು ಹುರಿಯುತ್ತಾ ಹೋಗಬೇಕು, ತುಪ್ಪ ಬಿಡುವ ತನಕ. ಕೆಲವರು ಚೂರು ಬೆಲ್ಲ ಹಾಕುತ್ತಾರೆ. ಮುಚ್ಚಿಡುವ ಗುಟ್ಟು ಎಂಬುದು ಈಗ ಇದರಲ್ಲಿ ಉಳಿದಿಲ್ಲ.

ಆದರೂ ಮನೆಯಲ್ಲಿ ಮಾಡಿದ್ದು ಹೋಟೆಲ್‌ನ ಹಾಗೆ ಬರೋದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಯಾಕೆ? ಮೆಣಸು ಕಪ್ಪಾಗುವ ಮುಂಚಿನ ಕ್ಷಣ ಯಾವುದು, ಬೆಂಕಿ ಯಾವಾಗ ತಗ್ಗಿಸಬೇಕು, ಇವತ್ತಿನ ಮೆಣಸು ನಿನ್ನೆಯ ಮೆಣಸಿಗಿಂತ ಎಷ್ಟು ಖಾರ ಎಂಬುದು ದಿನಕ್ಕೆ ಹತ್ತಾರು ಬಾರಿ, ವರ್ಷಗಟ್ಟಲೆ ಅದನ್ನೇ ಮಾಡಿದ ಕೈಗೆ ಮಾತ್ರ ಗೊತ್ತು. ಆ ತಿಳಿವಳಿಕೆ ಮಾಲೀಕರ ತಿಜೋರಿಯಲ್ಲಿಲ್ಲ. ತಿಂಗಳ ಸಂಬಳಕ್ಕೆ ನಿಂತ ಅಡುಗೆಯವರ ಕೈಯಲ್ಲಿದೆ. ಅವರು ಹೊರಟು ಹೋದರೆ ಮರುದಿನ ಬೋರ್ಡ್ ಅದೇ ಇರುತ್ತದೆ, ರುಚಿ ಇರೋದಿಲ್ಲ.

ಈ ಖಾದ್ಯಕ್ಕೆ ಭೌಗೋಳಿಕ ಮಾನ್ಯತೆ, ಅಂದರೆ ಜಿಐ ಟ್ಯಾಗ್ ಕೊಡಿಸಬೇಕು ಎನ್ನುವವರೂ ಇದ್ದಾರೆ. ಕೊಡಿಸಲಿ, ಬೇಡ ಎನ್ನಲು ನಾವು ಯಾರು? ನಮ್ಮ ಉಡುಪಿ ಜಿಲ್ಲೆಯ ಮಟ್ಟು ಗುಳ್ಳಕ್ಕೆ ಅದು ಸಿಕ್ಕಿದೆ. ಮಾಂಸದ ಅಡುಗೆಯಾದ ಹೈದರಾಬಾದ್ ಹಲೀಮ್‌ಗೂ 2010ರಲ್ಲೇ ಸಿಕ್ಕಿದೆ. ಆದರೆ ಜಿಐ ಟ್ಯಾಗ್ ಉಳಿಸೋದು ಹೆಸರನ್ನು. ಬೆಳಿಗ್ಗೆ ಐದಕ್ಕೆ ಎದ್ದು ಮಸಾಲೆ ಹುರಿಯುವವನನ್ನು ಅದು ಊರಲ್ಲಿ ಉಳಿಸಿಕೊಳ್ಳೋದಿಲ್ಲ. ಅದೇ ಮಸಾಲೆಗೆ ಬೀಳುವ ಬ್ಯಾಡಗಿ ಮೆಣಸಿಗೂ 2011ರಲ್ಲಿ ಜಿಐ ಬಂತು. ಹಾಗಿದ್ದರೂ 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಕುಸಿದಾಗ ರೊಚ್ಚಿಗೆದ್ದ ರೈತರಿಂದ ಎಪಿಎಂಸಿ ಆವರಣದಲ್ಲಿ ವಾಹನಗಳಿಗೆ ಬೆಂಕಿ ಬಿತ್ತು. ಹೆಸರಿಗೆ ಮಾನ್ಯತೆ ಬೇರೆ, ಬೆಳೆದವನ ಜೇಬಿಗೆ ಬೀಳುವ ಹಣ ಬೇರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಊರಿಗೆ ಇಂಥ ಹೋಟೆಲ್ ಯಾಕೆ ಬೇಕು

'ಒಂದು ಹೋಟೆಲ್ ಹೋದರೆ ಇನ್ನೊಂದು ಬರುತ್ತೆ, ಅದಕ್ಕೇನು' ಅಂತ ಕೇಳುವವರಿಗೂ ಉತ್ತರ ಕೊಡಬೇಕು.

ಕುಂದಾಪುರ ಹೇಗಿದೆ ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಪಶ್ಚಿಮಕ್ಕೆ ಕೋಡಿ ಕಡಲು, ಉತ್ತರಕ್ಕೆ ಪಂಚಗಂಗಾವಳಿ. ಸೌಪರ್ಣಿಕಾ, ವಾರಾಹಿ, ಚಕ್ರ, ಕುಬ್ಜಾ, ಖೇಟಕಿ ನದಿಗಳೆಲ್ಲ ಸೇರಿ ಕಡಲಿಗೆ ಬೀಳುವ ಜಾಗ. ಆಚೆ ದಡದಲ್ಲಿ ಗಂಗೊಳ್ಳಿಯ ಮೀನುಗಾರಿಕಾ ಬಂದರು. ಊರಲ್ಲಿ ಕೋರ್ಟ್ ಇದೆ, ಉಪವಿಭಾಗಾಧಿಕಾರಿ ಕಚೇರಿ ಇದೆ, ತಾಲ್ಲೂಕು ಆಸ್ಪತ್ರೆ ಇದೆ. ಘಟ್ಟದ ಬುಡದ ಹಳ್ಳಿಗಳಿಂದ ಕೇಸಿಗೆ, ಜಾಗದ ಕಾಗದಕ್ಕೆ, ರೋಗಿಯನ್ನು ನೋಡಲಿಕ್ಕೆ ಜನ ಬೆಳಿಗ್ಗೆ ಬಸ್ಸಿಗೆ ಬರುತ್ತಾರೆ. ಮಧ್ಯಾಹ್ನ ಅವರಿಗೆ ಕುಚ್ಚಲಕ್ಕಿ ಅನ್ನ, ಮೀನು ಸಾರು ಬೇಕು. ಪ್ರವಾಸಿಗರು ಹುಡುಕಿಕೊಂಡು ಬರುವ ಘೀ ರೋಸ್ಟ್ ಬೇರೆ, ಊರಿನವರು ದಿನಾ ಉಣ್ಣುವ ಊಟ ಬೇರೆ. ಕರಾವಳಿಯ ಹಳೇ ಲಂಚ್ ಹೋಮ್‌ಗಳು ನಿಂತಿರೋದು ಈ ಎರಡನೆಯದರ ಮೇಲೆ. ಹೆಸರಲ್ಲೇ 'ಹೋಮ್' ಇದೆ ನೋಡಿ. ಮುಂಬೈಯಲ್ಲೂ ನಮ್ಮವರು ಮೀನೂಟದ ಹೋಟೆಲ್‌ಗೆ ಅದೇ ಹೆಸರಿಟ್ಟರು, ಮನೆ ಬಿಟ್ಟು ಬಂದವರಿಗೆ ಮನೆಯೂಟ ಸಿಗುವ ಜಾಗ ಅಂತ.

ಇಂಥ ಹೋಟೆಲ್‌ನ ದುಡ್ಡು ಊರಲ್ಲೇ ಸುತ್ತುತ್ತದೆ. ಮೀನು ತರುವ ಹೆಂಗಸು, ತೆಂಗಿನಕಾಯಿ ಕೊಡುವ ತೋಟದವರು, ಬಾಳೆ ಎಲೆ ತರುವವರು, ಪಕ್ಕದ ದಿನಸಿ ಅಂಗಡಿ, ಎಲ್ಲರ ಲೆಕ್ಕವೂ ಅದರ ಗಲ್ಲಾಪೆಟ್ಟಿಗೆಗೆ ಸೇರಿಕೊಂಡಿದೆ. ದೂರದ ಊರಿನ ದೊಡ್ಡ ಅಡುಗೆಮನೆಯಿಂದ ಗ್ರೇವಿಯ ಪೊಟ್ಟಣ ತರಿಸಿ ಬಿಸಿ ಮಾಡಿ ಕೊಡುವ ಸರಣಿ ಹೋಟೆಲ್ ಬಂದರೆ ಈ ಲೆಕ್ಕ ಯಾವುದೂ ಊರಲ್ಲಿ ಉಳಿಯೋದಿಲ್ಲ.

ಲೆಕ್ಕ ಎಲ್ಲಿ ತಪ್ಪುತ್ತಿದೆ

ಮಾಲೀಕರ ಕಷ್ಟವೂ ಸುಳ್ಳಲ್ಲ. ಒಂದೊಂದಾಗಿ ನೋಡೋಣ.

ಮೊದಲು ತೆರಿಗೆ. 2017ರ ನವೆಂಬರ್ 15ರಿಂದ ಸಾಮಾನ್ಯ ಹೋಟೆಲ್ ಊಟಕ್ಕೆ ಶೇ. 5 ಜಿಎಸ್‌ಟಿ. ಗಿರಾಕಿಗೆ ಇದು ಒಳ್ಳೇದೇ, ಅದಕ್ಕೂ ಮುಂಚೆ ಶೇ. 12, ಶೇ. 18 ಇತ್ತು. ಆದರೆ ಇದರ ಜೊತೆ ಒಂದು ಷರತ್ತು ಬಂತು. ಹೋಟೆಲ್‌ನವರು ತಾವು ಕೊಂಡ ಸಾಮಾನಿನ ಮೇಲೆ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಹಾಗಿಲ್ಲ. ವಾಣಿಜ್ಯ ಗ್ಯಾಸ್ ಸಿಲಿಂಡರ್ ಮೇಲೆ ಶೇ. 18 ಜಿಎಸ್‌ಟಿ ಇದೆ. ನಿಮ್ಮ ಮನೆಯ ಸಿಲಿಂಡರ್‌ಗೆ ಇರೋದು ಶೇ. 5. ಅಂದರೆ ಹೋಟೆಲ್‌ನವರು 1,000 ರೂಪಾಯಿಯ ಗ್ಯಾಸ್ ಉರಿಸಿದರೆ ಅದರ ಮೇಲೆ 180 ರೂಪಾಯಿ ತೆರಿಗೆ, ಅದು ಅವರ ಕೈಯಿಂದಲೇ ಹೋಗುತ್ತದೆ. ಫ್ರಿಜ್, ಗ್ರೈಂಡರ್ ಕೊಂಡರೂ ಇದೇ ಕಥೆ. ಮೇಲಾಗಿ ವಾಣಿಜ್ಯ ಸಿಲಿಂಡರ್‌ನ ದರ ಸಾಮಾನ್ಯವಾಗಿ ಪ್ರತಿ ತಿಂಗಳ ಒಂದನೇ ತಾರೀಕು ಬದಲಾಗುತ್ತದೆ. ಊಟದ ದರವನ್ನು ತಿಂಗಳು ತಿಂಗಳು ಬದಲಿಸಲು ಆಗುತ್ತಾ? ದಿನಾ ಬರುವ ಗಿರಾಕಿ ಹತ್ತು ರೂಪಾಯಿ ಏರಿದರೆ ಪಕ್ಕದ ಹೋಟೆಲ್ ಕಡೆ ನೋಡುತ್ತಾನೆ.

ಎರಡನೆಯದು ತುಪ್ಪ. 2025ರ ಸೆಪ್ಟೆಂಬರ್‌ನಲ್ಲಿ ತುಪ್ಪದ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದು ನಂದಿನಿ ತುಪ್ಪ ಲೀಟರಿಗೆ 650ರಿಂದ 610 ರೂಪಾಯಿಗೆ ಬಂತು. ನವೆಂಬರ್‌ನಲ್ಲಿ ಅದು 700 ಆಯಿತು. ತುಪ್ಪದ ಹೆಸರಲ್ಲೇ ಬದುಕುವ ಖಾದ್ಯಕ್ಕೆ ಎರಡು ತಿಂಗಳ ಒಳಗೆ 90 ರೂಪಾಯಿ ಏರಿಕೆ ಸಣ್ಣದಲ್ಲ. ಹೈನುಗಾರರಿಗೆ ಒಳ್ಳೆ ದರ ಸಿಗಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಟ್ಟೆಯ ಬೆಲೆ ಏರಿದಾಗ ಹೋಟೆಲ್‌ನವರು ಲೂಟಿ ಮಾಡುತ್ತಿದ್ದಾರೆ ಅನ್ನುವ ಮುಂಚೆ ಈ ಲೆಕ್ಕವೂ ನಮ್ಮ ತಲೆಯಲ್ಲಿರಬೇಕು.

ಮೂರನೆಯದು ಮೀನು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ, ನಿಷೇಧ ಬೇಕೇ ಬೇಕು. ಆಗ ನಾಡದೋಣಿಯವರು ತಂದ ಮೀನು, ಹೊರಗಿನಿಂದ ಐಸಿನಲ್ಲಿ ಬಂದ ಮೀನು, ಒಣಮೀನು ಇವುಗಳಲ್ಲೇ ನಡೆಯಬೇಕು. ಮಳೆಗಾಲದಲ್ಲಿ ಪ್ರವಾಸಿಗರೂ ಕಮ್ಮಿ. ಆದರೆ ಸಂಬಳ, ಕರೆಂಟ್ ಬಿಲ್ ಕಮ್ಮಿಯಾಗೋದಿಲ್ಲ.

ನಾಲ್ಕನೆಯದು ರಸ್ತೆ. ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾಗುವಾಗ ಕುಂದಾಪುರದ ಶಾಸ್ತ್ರಿ ಸರ್ಕಲ್‌ನ ಫ್ಲೈಓವರ್ ಕೆಲಸ ವರ್ಷಗಟ್ಟಲೆ ಎಳೆದಾಡಿದ್ದು ಊರಿನವರಿಗೆಲ್ಲ ನೆನಪಿದೆ. ಈಗ ದೂರದ ಗಾಡಿಗಳು ಮೇಲಿಂದಲೇ ಹೋಗುತ್ತವೆ. ಊರೊಳಗೆ ಬರುವವರು ಊಟಕ್ಕೆಂದೇ ಬರಬೇಕು. ಹೆಸರಿರುವ ಹೋಟೆಲ್ ತಡೆದುಕೊಳ್ಳುತ್ತದೆ. ಹೆಸರಿಲ್ಲದ ಸಣ್ಣ ಹೋಟೆಲ್‌ಗೆ ಪೆಟ್ಟು ಬೀಳುತ್ತದೆ.

ಇದೆಲ್ಲ ಇದ್ದರೂ, ಇದೊಂದರಿಂದಲೇ ಹೋಟೆಲ್‌ಗಳು ಮುಚ್ಚುತ್ತವೆ ಅನ್ನೋದನ್ನು ನಾವು ಒಪ್ಪೋದಿಲ್ಲ. ದುಬಾರಿ ತುಪ್ಪಕ್ಕೆ ಬೆಲೆ ಏರಿಸಬಹುದು, ಮೀನಿಲ್ಲದಾಗ ಮೊಟ್ಟೆ ಸಾರು ಮಾಡಬಹುದು. ಮಾಡುವ ಕೈಯೇ ಇಲ್ಲದಿದ್ದರೆ ಎಂತ ಮಾಡೋದು?

'ಮಾಣಿ' ಎಂದರೆ ಯಾರು

ಕುಂದಾಪುರ ಕಡೆ 'ಮಾಣಿ' ಅಂದರೆ ಹುಡುಗ. ಮನೆಯ ಮಗನನ್ನು ಪ್ರೀತಿಯಿಂದ ಕರೆಯುವ ಶಬ್ದ. ಅದೇ ಶಬ್ದ ಹೋಟೆಲ್‌ಗೆ ಹೋದಾಗ 'ಮಾಣಿ, ಎರಡು ಕಾಫಿ' ಆಯಿತು. ಒಂದೇ ಶಬ್ದ, ಮನೆಯಲ್ಲಿ ಮಗ, ಹೋಟೆಲ್‌ನಲ್ಲಿ ಆಳು.

ಕರಾವಳಿಯ ಹೋಟೆಲ್ ಚರಿತ್ರೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಹೇಳಲೇಬೇಕು. ಕೋಟ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಲ್ಲಿ ಶುರು ಮಾಡಿದ್ದೇ ಮುಂದೆ ಎಂಟಿಆರ್ ಆಯಿತು. ಕಡಂದಲೆಯ ಕೃಷ್ಣರಾಯರು ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದರು. ಮುಂಬೈಯ ಗಲ್ಲಿಗಲ್ಲಿಯಲ್ಲಿ ನಮ್ಮವರ ಹೋಟೆಲ್ ಇದ್ದವು, ಇವೆ. ಆದರೆ ಆ ಚರಿತ್ರೆಯ ಹಿಂಭಾಗದಲ್ಲಿ ಹತ್ತು ಹನ್ನೆರಡು ವರ್ಷಕ್ಕೇ ಊರು ಬಿಟ್ಟ ಮಾಣಿಗಳಿದ್ದಾರೆ. ಬೆಳಗಿನ ಜಾವ ಎದ್ದು ಒಲೆ ಹಚ್ಚಿ, ಹಗಲೆಲ್ಲ ಲೋಟ ತೊಳೆದು, ರಾತ್ರಿ ಅದೇ ಮೇಜಿನ ಮೇಲೆ ಮಲಗಿದವರು. ಕೆಲವರು ಮುಂಬೈಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದರು. ಮೇಲೆ ಬಂದವರ ಕಥೆ ಮಾತ್ರ ನಮಗೆ ಗೊತ್ತು. ಹೋಟೆಲ್, ಢಾಬಾಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು ಎಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ಕ್ಕೆ. ಅಷ್ಟು ತಡವಾಗಿ.

ಹಳೇ ಹೋಟೆಲ್‌ಗಳ ಅಗ್ಗದ ಊಟಕ್ಕೆ ಒಂದು ಕಾರಣ ಈ ಅಗ್ಗದ ಕೈಗಳು. ಅದನ್ನು ಒಪ್ಪಿಕೊಳ್ಳದೆ 'ಆ ಕಾಲವೇ ಚಂದ ಇತ್ತು' ಅಂತ ಬರೆದರೆ ಅರ್ಧ ಸತ್ಯ ಆಗುತ್ತದೆ.

ಈಗ ಆ ಮಾಣಿ ಬರೋದಿಲ್ಲ. ಊರ ಹುಡುಗರು ಓದಿದ್ದಾರೆ, ಬೆಂಗಳೂರಿಗೆ ಹೋಗುತ್ತಾರೆ, ಕೊಲ್ಲಿ ದೇಶಕ್ಕೆ ಹೋಗುತ್ತಾರೆ. ಅವರ ಜಾಗಕ್ಕೆ ಒಡಿಶಾ, ಅಸ್ಸಾಂ, ಬಿಹಾರ, ನೇಪಾಳದ ಹುಡುಗರು ಬಂದಿದ್ದಾರೆ. ಅವರನ್ನು ದೂರುವವರಿದ್ದಾರೆ. ನಾವು ದೂರೋದಿಲ್ಲ. ನೂರು ವರ್ಷದ ಹಿಂದೆ ನಮ್ಮ ಮಾಣಿಗಳು ಮುಂಬೈಗೆ ಹೇಗೆ ಹೋದರೋ ಇವರೂ ಹಾಗೇ ಬಂದವರು. ನೀರುದೋಸೆ ಹುಯ್ಯುವುದನ್ನು, ಕೊದ್ದೆಲ್ ಕುದಿಸುವುದನ್ನು ಕಲಿತಿದ್ದಾರೆ. ಕುಂದಾಪ್ರ ಕನ್ನಡವನ್ನೂ ಕಲಿಯುತ್ತಾರೆ. ಆದರೆ ಎರಡು ವರ್ಷ ಕಲಿತ ಮೇಲೆ ಎರಡು ಸಾವಿರ ಹೆಚ್ಚು ಕೊಡುವ ಕಡೆ ಹೋಗುತ್ತಾರೆ. ಯಾಕೆ ಹೋಗಬಾರದು? ಅವರನ್ನು ಹಿಡಿದಿಡುವಂಥದ್ದು ಇಲ್ಲಿ ಎಂತ ಉಂಟು?

ಇತ್ತ ಮಾಲೀಕರ ಮಕ್ಕಳೂ ಬೇರೆ ದಾರಿ ಹಿಡಿಯುತ್ತಾರೆ. ಗಲ್ಲಾದಲ್ಲಿ ದಿನಕ್ಕೆ ಹದಿನಾಲ್ಕು ಗಂಟೆ ಕೂತ ಅಪ್ಪನನ್ನು ನೋಡಿದ ಮಗ ಸಾಫ್ಟ್‌ವೇರ್ ಕಡೆ ಹೋದರೆ ತಪ್ಪು ಎನ್ನಲಾಗದು. ಮಗಳಿಗೆ ಆಸಕ್ತಿ ಇದ್ದರೂ 'ಹೆಣ್ಣುಮಗಳು ಹೋಟೆಲ್‌ನಲ್ಲಿ ಕೂರೋದಾ' ಅನ್ನುವವರು ಇನ್ನೂ ಇದ್ದಾರೆ. ಎಂಟಿಆರ್ ಹೋಟೆಲ್‌ಗಳನ್ನು ಈಗ ಮುನ್ನಡೆಸುವವರಲ್ಲಿ ಮೂರನೇ ತಲೆಮಾರಿನ ಹೇಮಮಾಲಿನಿ ಮಯ್ಯ ಇದ್ದಾರೆ ಎಂಬುದನ್ನು ಅಂಥವರಿಗೆ ಹೇಳಬೇಕು. ಇನ್ನೊಂದು ಸಂಗತಿಯೂ ಗಮನಿಸಿ. ಎಂಟಿಆರ್ ಹೆಸರಿನ ಪ್ಯಾಕೆಟ್ ಆಹಾರದ ಕಂಪನಿ 2007ರಲ್ಲಿ ನಾರ್ವೆಯ ಓರ್ಕ್ಲಾ ಪಾಲಾಯಿತು. ಹೋಟೆಲ್ ಮಾತ್ರ ಮನೆತನದ ಕೈಯಲ್ಲೇ ಉಳಿಯಿತು.

ಏನು ಮಾಡಬಹುದು

ಹೋಟೆಲ್ ಮನೆತನದವರಿಗೆ ನಮ್ಮ ಮಾತು: ಹತ್ತು ಹದಿನೈದು ವರ್ಷ ನಿಮ್ಮ ಒಲೆ ಮುಂದೆ ನಿಂತ ಮುಖ್ಯ ಅಡುಗೆಯವರಿಗೆ ಲಾಭದಲ್ಲಿ ಒಂದು ಪಾಲು ಕೊಡಿ. ಬಾಯಿಮಾತಿನಲ್ಲಿ ಅಲ್ಲ, ಕಾಗದದಲ್ಲಿ. ಮುಂಬೈಯಲ್ಲಿ ನಮ್ಮ ಎಷ್ಟೋ ಹೋಟೆಲ್‌ಗಳು ಬೆಳೆದದ್ದೇ ದುಡಿಯುವವರನ್ನು ಪಾಲುದಾರರನ್ನಾಗಿ ಮಾಡಿಕೊಂಡು. ಇದು ಹೊಸ ಉಪದೇಶ ಅಲ್ಲ, ನಾವೇ ಮರೆತ ಹಳೇ ಕ್ರಮ. ವಾರಕ್ಕೊಂದು ರಜೆ ಕೊಡಿ. ಮಲಗಲು ಗಾಳಿ ಬರುವ ಕೋಣೆ ಕೊಡಿ. ಮಗಳು ಮುಂದೆ ಬಂದರೆ ಗಲ್ಲಾದ ಕುರ್ಚಿ ಅವಳಿಗೆ ಕೊಡಿ. ಮಕ್ಕಳು ಯಾರೂ ಬಾರದಿದ್ದರೆ, ಬೀಗ ಹಾಕಿ ಕಟ್ಟಡ ಮಾರುವ ಮುಂಚೆ ಆ ಅಡುಗೆಯವನನ್ನು ಒಮ್ಮೆ ಕೇಳಿ, 'ನೀ ನಡೆಸ್ತ್ಯಾ?' ಅಂತ.

ಹೋಟೆಲ್‌ನಲ್ಲಿ ದುಡಿಯುವವರಿಗೆ, ದುಡಿಯುವ ಮಕ್ಕಳಿರುವ ಹಳ್ಳಿಮನೆಗಳಿಗೆ ಒಂದಿಷ್ಟು ಮಾಹಿತಿ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಹೋಟೆಲ್‌ಗೆ ಇಎಸ್‌ಐ ಅನ್ವಯವಾಗುತ್ತದೆ, ತಿಂಗಳ ಸಂಬಳ 21,000 ರೂಪಾಯಿವರೆಗೆ ಇದ್ದವರಿಗೆ. 20 ಅಥವಾ ಹೆಚ್ಚು ಜನ ಇದ್ದರೆ ಪಿಎಫ್ ಕಡ್ಡಾಯ. 10 ಜನ ಇರುವ ಕಡೆ ಐದು ವರ್ಷ ಪೂರೈಸಿ ಬಿಟ್ಟರೆ ಗ್ರಾಚ್ಯುಟಿ ಸಿಗಬೇಕು, ಪ್ರತಿ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ. ಇದು ಮಾಲೀಕರ ದಾನ ಅಲ್ಲ, ಕಾನೂನು. ಕೆಲಸಕ್ಕೆ ಸೇರುವ ದಿನವೇ ಕೇಳಿ.

ಸರ್ಕಾರಕ್ಕೆ: ಸಣ್ಣ ಹೋಟೆಲ್‌ಗಳಿಗೆ ಗ್ಯಾಸ್ ಮೇಲಿನ ಶೇ. 18 ತೆರಿಗೆ ಇಳಿಸಿ, ಇಲ್ಲವಾದರೆ ಅದನ್ನು ಕಳೆದುಕೊಳ್ಳಲು ಅವಕಾಶ ಕೊಡಿ. ಐಟಿಐಗಳಲ್ಲಿ ಅಡುಗೆ ತಯಾರಿಕೆಯ ತರಬೇತಿ ಇದೆ. ಅದರಲ್ಲಿ ನಮ್ಮೂರ ಮೀನು ಸಾರು, ಕೋಳಿ ಸುಕ್ಕ, ಘೀ ರೋಸ್ಟ್ ಕೂಡ ಪಾಠ ಆಗಲಿ. ಹಳೇ ಹೋಟೆಲ್‌ನ ಅಡುಗೆಯವರನ್ನು ಗೌರವಧನ ಕೊಟ್ಟು ಪಾಠಕ್ಕೆ ಕರೆಯಿರಿ. ಅವರಿಗೆ ಸರ್ಟಿಫಿಕೇಟ್ ಇಲ್ಲದಿರಬಹುದು. ಕಲಿಸುವಷ್ಟು ವಿದ್ಯೆ ಇದೆ.

ಕೊನೆಗೆ ನಮಗೇ, ಅಂದರೆ ಹಳ್ಳಿಯವರಿಗೆ. ಇದನ್ನು ಹೇಳೋದು ಸ್ವಲ್ಪ ಕಷ್ಟ. ನಮ್ಮ ಕಡೆ ಹುಡುಗ ಹೋಟೆಲ್‌ನಲ್ಲಿ ಅಡುಗೆ ಮಾಡುತ್ತಾನೆ ಅಂದರೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತೇವೆ. ಅದೇ ಹುಡುಗ ದುಬೈಯ ಹೋಟೆಲ್‌ನಲ್ಲಿ ಅದೇ ಸೌಟು ಹಿಡಿದರೆ 'ಫಾರಿನ್‌ನಲ್ಲಿದ್ದಾನೆ' ಅಂತ ಮದುವೆ ಮಾತು ಮುಂದುವರಿಯುತ್ತದೆ. ಕೆಲಸ ಒಂದೇ, ಊರು ಬೇರೆ. ಊರಲ್ಲೇ ನಿಂತು ಊರಿಗೆ ಅನ್ನ ಹಾಕುವವನಿಗೆ ಮರ್ಯಾದೆ ಕೊಡದೆ, ಹೋಟೆಲ್ ಮುಚ್ಚಿದ ದಿನ ಬೋರ್ಡಿನ ಫೋಟೋ ಹಾಕಿ ಅತ್ತರೆ ಅದಕ್ಕೆ ಬೆಲೆ ಇಲ್ಲ.

ಶೆಟ್ಟಿ ಲಂಚ್ ಹೋಮ್ ಇನ್ನೂ ಬಹಳ ಕಾಲ ನಡೆಯಲಿ. ಅದಕ್ಕೆ ಹೆಸರಿದೆ, ಗಿರಾಕಿಗಳಿದ್ದಾರೆ. ನಮ್ಮ ಚಿಂತೆ ನಿಮ್ಮೂರ ಬಸ್‌ಸ್ಟ್ಯಾಂಡ್ ಪಕ್ಕದ, ಯಾವ ಯೂಟ್ಯೂಬರ್ ಕೂಡ ಹುಡುಕಿಕೊಂಡು ಬಾರದ, ನಾಲ್ಕು ಮೇಜಿನ ಹೋಟೆಲ್‌ನದ್ದು. ಮುಂದಿನ ಸಲ ಅಲ್ಲಿ ಊಟ ಮಾಡಿದಾಗ ಬಿಲ್ ಕೊಟ್ಟು ಹೊರಡುವ ಮುಂಚೆ ಒಳಗಿನ ಅಡುಗೆಯವರ ಹೆಸರು ಕೇಳಿ. ಊಟ ಚೆನ್ನಾಗಿದ್ದರೆ ಆ ಮಾತನ್ನು ಅವರಿಗೇ ಹೇಳಿ, ಮಾಲೀಕರ ಎದುರಲ್ಲೇ ಹೇಳಿ.